ಡಿಟ್, ಡಾ ಮತ್ತು ಹವ್ಯಾಸಿ ರೇಡಿಯೋ



ಡಾ ಡಾ ಡಿಟ್, ಡಿ ಡಾ, ಡಾ ಡಿ ಡಿಟ್, ಡಿ ಡಾ, ಡಾ ಡಾ ಡಿಟ್.

ಇದನ್ನು ಒಮ್ಮೆ ಗಟ್ಟಿಯಾಗಿ ಹೇಳಿ ನೋಡಿ. ‘ಡಿ’ ಅಥವಾ ‘ಡಿಟ್’ ಎಂಬುದು ಚಿಕ್ಕ ಸದ್ದು. ‘ಡಾ’ ಅದರ ಮೂರರಷ್ಟು ಉದ್ದದ ಸದ್ದು. ಇಂಗ್ಲಿಷಿನ ಜಿ, ಎ, ಡಿ, ಎ, ಜಿ ಎಂಬ ಐದು ಅಕ್ಷರಗಳಲ್ಲಿ ಬರೆದ ‘ಗದಗ’ ಮೋರ್ಸ್ ಸಂಕೇತದಲ್ಲಿ ಹೀಗೆ ಕೇಳಿಸುತ್ತದೆ. ನಿಮಿಷಕ್ಕೆ 12 ಪದಗಳ ಸಾಧಾರಣ ವೇಗದಲ್ಲಿ ಒಂದು ‘ಡಿಟ್’ಗೆ ಸೆಕೆಂಡಿನ ಹತ್ತನೇ ಒಂದು ಭಾಗ ಸಾಕು. ಇಡೀ ಗದಗ ಐದು ಸೆಕೆಂಡಿಗೆ ಮೊದಲೇ ಮುಗಿದುಹೋಗುತ್ತದೆ. ಲಕ್ಷ್ಮೇಶ್ವರದವರು ಸ್ವಲ್ಪ ಹೆಚ್ಚು ಬೆರಳು ಆಡಿಸಬೇಕು.

ಗದಗ-ಬೆಟಗೇರಿ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಗಳ ಶಾಲೆ ಕಾಲೇಜುಗಳಲ್ಲಿ ಓದುತ್ತಿರುವ ನಿಮ್ಮನ್ನೇ ಮನಸ್ಸಿನಲ್ಲಿಟ್ಟುಕೊಂಡು ಈ ಮಾತು ಆಡುತ್ತಿದ್ದೇನೆ. ಕೈಯಲ್ಲಿ ಮೊಬೈಲು ಇರುವಾಗ ಇದೆಲ್ಲ ಏಕೆ ಎಂದು ನೀವು ಕೇಳಬಹುದು. ಕೇಳಲೇಬೇಕಾದ ಪ್ರಶ್ನೆ ಅದು.

ಮೋರ್ಸ್‌ನ ಕಥೆ ಮುಗಿಯಿತು ಎನ್ನುವವರ ಬಳಿ ಸಾಕಷ್ಟು ಪುರಾವೆಗಳಿವೆ. 1844ರ ಮೇ 24ರಂದು ವಾಷಿಂಗ್ಟನ್‌ನಿಂದ ಬಾಲ್ಟಿಮೋರ್‌ಗೆ ಸಾರ್ವಜನಿಕವಾಗಿ ಹೋದ ಮೊದಲ ಸಂದೇಶದಿಂದ ಒಂದೂವರೆ ಶತಮಾನ ಅದು ಜಗತ್ತನ್ನು ಆಳಿತು. 1999ರ ಫೆಬ್ರವರಿಯ ಹೊತ್ತಿಗೆ ಹಡಗುಗಳು ಅಪಾಯದ ಕರೆಗೆ ಉಪಗ್ರಹ ಆಧಾರಿತ ಹೊಸ ವ್ಯವಸ್ಥೆಗೆ ಪೂರ್ತಿಯಾಗಿ ಬದಲಾದವು. 2013ರ ಜುಲೈ 14ರ ರಾತ್ರಿ ನಮ್ಮ ದೇಶದ ತಂತಿ ಸೇವೆಯೇ ನಿಂತಿತು. ‘ತಂತಿ ಬಂತು’ ಎಂದರೆ ಮನೆಮಂದಿಯೆಲ್ಲ ಬೆಚ್ಚಿಬೀಳುತ್ತಿದ್ದ ಕಾಲ ನಿಮ್ಮ ಅಜ್ಜ ಅಜ್ಜಿಯರಿಗೆ ನೆನಪಿರುತ್ತದೆ. ನಿಜ ಹೇಳಬೇಕೆಂದರೆ, ಕೊನೆಯ ವರ್ಷಗಳಲ್ಲಿ ಆ ತಂತಿಗಳೂ ಮೋರ್ಸ್‌ನಲ್ಲಿ ಹೋಗುತ್ತಿರಲಿಲ್ಲ, ಕಂಪ್ಯೂಟರುಗಳ ಮೂಲಕ ಹೋಗುತ್ತಿದ್ದವು.

ಹೀಗೆ ಎಲ್ಲರೂ ಕೈಬಿಟ್ಟ ಮೇಲೆ ಮೋರ್ಸ್ ಉಳಿದುಕೊಂಡಿರುವ ಮುಖ್ಯ ಜಾಗ ಹವ್ಯಾಸಿ ರೇಡಿಯೋ. ಸರ್ಕಾರ ನಡೆಸುವ ಪರೀಕ್ಷೆಯಲ್ಲಿ ತೇರ್ಗಡೆಯಾಗಿ, ಲೈಸೆನ್ಸ್ ಪಡೆದು, ಸ್ವಂತ ರೇಡಿಯೋ ಕೇಂದ್ರದಿಂದ ಜಗತ್ತಿನ ಇತರ ಹವ್ಯಾಸಿಗಳೊಡನೆ ಮಾತನಾಡುವವರನ್ನು ‘ಹ್ಯಾಮ್’ಗಳು ಎನ್ನುತ್ತಾರೆ. ಅವರು ಇದರಿಂದ ಹಣ ಮಾಡುವಂತಿಲ್ಲ, ಹಾಡು ಸುದ್ದಿ ಪ್ರಸಾರ ಮಾಡುವಂತಿಲ್ಲ. ಪ್ರತಿಯೊಬ್ಬರಿಗೂ ಒಂದು ಕರೆಸಂಕೇತ ಇರುತ್ತದೆ. ಭಾರತದ ಹ್ಯಾಮ್‌ಗಳ ಕರೆಸಂಕೇತ ಸಾಮಾನ್ಯವಾಗಿ ‘ವಿ ಯು’ ಎಂಬ ಅಕ್ಷರಗಳಿಂದ ಆರಂಭವಾಗುತ್ತದೆ. ಪ್ರಧಾನಿಯಾಗಿದ್ದ ರಾಜೀವ್ ಗಾಂಧಿಯವರಿಗೂ ಅಂಥದೊಂದು ಇತ್ತು.

ಮೋರ್ಸ್ ಕಲಿಯದೆ ಹ್ಯಾಮ್ ಆಗುವುದು ಹಿಂದೆ ಕಷ್ಟವಾಗಿತ್ತು. 30 ಮೆಗಾಹರ್ಟ್ಜ್‌ಗಿಂತ ಕೆಳಗಿನ ಕಂಪನಾಂಕಗಳಲ್ಲಿ, ಎಂದರೆ ದೂರದ ದೇಶಗಳನ್ನು ಮುಟ್ಟುವ ಹ್ರಸ್ವತರಂಗಗಳಲ್ಲಿ ಕೆಲಸ ಮಾಡಬೇಕಾದರೆ ಮೋರ್ಸ್ ಬರಲೇಬೇಕು ಎಂಬ ಅಂತಾರಾಷ್ಟ್ರೀಯ ನಿಯಮ ಇತ್ತು. 2003ರಲ್ಲಿ ಜಿನೀವಾದಲ್ಲಿ ನಡೆದ ಜಾಗತಿಕ ರೇಡಿಯೋ ಸಮ್ಮೇಳನ ಆ ನಿಯಮವನ್ನು ತೆಗೆದು, ತೀರ್ಮಾನವನ್ನು ಆಯಾ ದೇಶಗಳಿಗೆ ಬಿಟ್ಟಿತು. ಬ್ರಿಟನ್ ಅದೇ ವರ್ಷ ಮೋರ್ಸ್ ಪರೀಕ್ಷೆ ಕೈಬಿಟ್ಟಿತು. ಅಮೆರಿಕ 2007ರ ಫೆಬ್ರವರಿಯಲ್ಲಿ ಬಿಟ್ಟಿತು. ಒತ್ತಾಯ ಹೋದಮೇಲೆ ಒಂದು ದಶಕದೊಳಗೆ ಮೋರ್ಸ್ ಸತ್ತೇ ಹೋಗುತ್ತದೆ ಎಂದು ಭವಿಷ್ಯ ನುಡಿದವರಿಗೆ ಕೊರತೆ ಇರಲಿಲ್ಲ.

ಆದರೆ ಹಾಗಾಗಲಿಲ್ಲ. ಇಂದು ಸಂಜೆ 7 ಮೆಗಾಹರ್ಟ್ಜ್ ಹವ್ಯಾಸಿ ಪಟ್ಟಿಯ ಕೆಳತುದಿಗೆ ಸರಿಯಾದ ಗ್ರಾಹಕವನ್ನು ತಿರುಗಿಸಿದರೆ ಸಾಲಾಗಿ ಮೋರ್ಸ್ ಕೇಳುತ್ತದೆ. ಯಾರೂ ಒತ್ತಾಯ ಮಾಡದಿದ್ದರೂ ಜನ ಅದನ್ನು ಬಳಸುತ್ತಿದ್ದಾರೆ. ಇದಕ್ಕೆ ಹಳೆಯದರ ಮೇಲಿನ ಮೋಹ ಒಂದು ಕಾರಣವಿರಬಹುದು. ಇನ್ನೊಂದು ಕಾರಣ ಭೌತಶಾಸ್ತ್ರದಲ್ಲಿದೆ, ಮತ್ತು ಅದು ಹೆಚ್ಚು ಗಟ್ಟಿ.

ರೇಡಿಯೋದಲ್ಲಿ ಕಳಿಸುವ ಯಾವುದೇ ವಿಷಯ ಕಂಪನಾಂಕಗಳ ಪಟ್ಟಿಯಲ್ಲಿ ಸ್ವಲ್ಪ ಜಾಗ ಹಿಡಿಯುತ್ತದೆ. ನಾನು ದುಡಿಯುವ ಟೆಲಿವಿಷನ್ ಈ ವಿಷಯದಲ್ಲಿ ದೊಡ್ಡ ಹೊಟ್ಟೆಬಾಕ. ಹಳೆಯ ಅನಲಾಗ್ ಪದ್ಧತಿಯಲ್ಲಿ ಒಂದು ಚಾನೆಲ್‌ಗೆ 7 ಮೆಗಾಹರ್ಟ್ಜ್ ಜಾಗ ಬೇಕಾಗಿತ್ತು. ಹ್ಯಾಮ್‌ಗಳು ಮಾತನ್ನು ಕಳಿಸುವಾಗ ಸುಮಾರು 2,500 ಹರ್ಟ್ಜ್ ಬಳಸುತ್ತಾರೆ. ಮೋರ್ಸ್‌ಗೆ ಸುಮಾರು 150 ಹರ್ಟ್ಜ್ ಸಾಕು. ಒಂದೇ ಒಂದು ಟೆಲಿವಿಷನ್ ಚಾನೆಲ್ ಹಿಡಿಯುತ್ತಿದ್ದ ಜಾಗದಲ್ಲಿ ನಲವತ್ತು ಸಾವಿರಕ್ಕೂ ಹೆಚ್ಚು ಮೋರ್ಸ್ ಸಂಭಾಷಣೆಗಳನ್ನು ಪಕ್ಕಪಕ್ಕದಲ್ಲಿ ಕೂರಿಸಬಹುದು.

ಜಾಗ ಉಳಿಯುವುದು ಒಂದು ಲಾಭ. ಅದಕ್ಕಿಂತ ದೊಡ್ಡ ಲಾಭ ಇನ್ನೊಂದಿದೆ. ಆಕಾಶದ ತುಂಬ ಗದ್ದಲವಿದೆ: ದೂರದ ಸಿಡಿಲಿನ ಚಟಚಟ, ಪಂಪ್‌ಸೆಟ್ಟಿನ ಮೋಟಾರು, ಅಗ್ಗದ ಎಲ್‌ಇಡಿ ದೀಪದ ಗುಯ್ಯಾಟ. ಈ ಗದ್ದಲ ಕಂಪನಾಂಕಗಳ ಮೇಲೆಲ್ಲ ಹರಡಿಕೊಂಡಿರುತ್ತದೆ. ಬೇಸಿಗೆಯಲ್ಲಿ ಮುಂಡರಗಿಯ ಕಡೆ ಗಾಳಿ ಎದ್ದಾಗ ತಲಬಾಗಿಲು ತೆರೆದಿಟ್ಟರೆ ಮನೆ ತುಂಬ ಧೂಳು. ಒಂದು ಸಣ್ಣ ಕಿಂಡಿ ಮಾತ್ರ ತೆರೆದರೆ ಒಳಬರುವ ಧೂಳೂ ಸ್ವಲ್ಪವೇ. ಮಾತು ಕೇಳಬೇಕಾದರೆ ಗ್ರಾಹಕದ ಬಾಗಿಲನ್ನು 2,500 ಹರ್ಟ್ಜ್‌ನಷ್ಟು ತೆರೆಯಲೇಬೇಕು. ಮೋರ್ಸ್‌ಗೆ 250 ಹರ್ಟ್ಜ್‌ನ ಕಿಂಡಿ ಸಾಕು. ಒಳಗೆ ಬರುವ ಗದ್ದಲ ಹತ್ತನೇ ಒಂದು ಭಾಗಕ್ಕೆ ಇಳಿಯುತ್ತದೆ, ಸಂಕೇತ ಮಾತ್ರ ಪೂರ್ತಿ ಒಳಗೆ ಬರುತ್ತದೆ. ಹೀಗಾಗಿ ಲೆಕ್ಕದ ಪ್ರಕಾರ 5 ವ್ಯಾಟ್‌ನ ಮೋರ್ಸ್ 50 ವ್ಯಾಟ್‌ನ ಮಾತಿಗೆ ಸಮ. ಕಿವಿಯೂ ಸುಮ್ಮನಿರುವುದಿಲ್ಲ. ಜಾತ್ರೆಯ ಗಲಾಟೆಯಲ್ಲಿ ತಾಯಿಯ ದನಿಯನ್ನು ಮಗು ಹೆಕ್ಕಿಕೊಳ್ಳುವಂತೆ, ಪಳಗಿದ ಕಿವಿ ಹತ್ತು ನಾದಗಳ ನಡುವೆ ತನಗೆ ಬೇಕಾದ ಒಂದನ್ನು ಹಿಡಿದುಕೊಳ್ಳುತ್ತದೆ.

5 ವ್ಯಾಟ್ ಎಂದರೆ ಒಂದು ಚಿಕ್ಕ ಎಲ್‌ಇಡಿ ಬಲ್ಬಿನಷ್ಟು ವಿದ್ಯುತ್ತು. ಅಷ್ಟು ಅಥವಾ ಅದಕ್ಕಿಂತ ಕಡಿಮೆ ಶಕ್ತಿಯಲ್ಲಿ ಸಂಪರ್ಕ ಸಾಧಿಸುವುದನ್ನು ಹ್ಯಾಮ್‌ಗಳು ‘ಕ್ಯೂ ಆರ್ ಪಿ’ ಎನ್ನುತ್ತಾರೆ. ಭೂಮಿಯಿಂದ 250–400 ಕಿಲೋಮೀಟರ್ ಎತ್ತರದ ಅಯಾನುಗೋಳ ಹ್ರಸ್ವತರಂಗಗಳನ್ನು ಮತ್ತೆ ನೆಲದ ಕಡೆಗೆ ಬಾಗಿಸುವುದರಿಂದ, ಆ ಬಲ್ಬಿನಷ್ಟು ಶಕ್ತಿ ಪರಿಸ್ಥಿತಿ ಅನುಕೂಲವಾಗಿದ್ದಾಗ ಖಂಡಾಂತರ ಹೋಗಿ ಮುಟ್ಟುತ್ತದೆ.

ಇಲ್ಲಿ ವಿದ್ಯಾರ್ಥಿಗಳಿಗೆ ಸಂಬಂಧಿಸಿದ ಮಾತು ಬರುತ್ತದೆ. ಮಾತನ್ನು ಕಳಿಸುವ ಪ್ರೇಷಕದೊಳಗೆ ಹಲವು ಹಂತಗಳಿವೆ. ಮೋರ್ಸ್ ಪ್ರೇಷಕಕ್ಕೆ ಬೇಕಾದುದು ಒಂದು ಸ್ಫಟಿಕ ಆಂದೋಲಕ, ಒಂದು ವರ್ಧಕ, ಅನಗತ್ಯ ಕಂಪನಾಂಕಗಳನ್ನು ತಡೆಯುವ ಒಂದು ಶೋಧಕ ಮತ್ತು ಆರಿಸುವ ಹೊತ್ತಿಸುವ ಒಂದು ಕೀಲಿ. ಪಿಯುಸಿ ಭೌತಶಾಸ್ತ್ರದಲ್ಲಿ ಟ್ರಾನ್ಸಿಸ್ಟರ್ ಓದಿದವರು ಅದರ ಪ್ರತಿಯೊಂದು ಬಿಡಿಭಾಗ ಏಕೆ ಅಲ್ಲಿದೆ ಎಂದು ಹೇಳಬಲ್ಲರು. ಕೈಯಲ್ಲಿರುವ ಮೊಬೈಲನ್ನು ಬಿಚ್ಚಿ ಹಾಗೆ ಹೇಳುವುದು ನನಗೂ ಆಗುವುದಿಲ್ಲ, ನಿಮ್ಮ ಪ್ರಾಧ್ಯಾಪಕರಿಗೂ ಕಷ್ಟ. ಅರ್ಥ ಮಾಡಿಕೊಂಡು, ಸ್ವತಃ ಬೆಸುಗೆ ಹಾಕಿ, ಅದರಿಂದಲೇ ಸಾವಿರಾರು ಕಿಲೋಮೀಟರ್ ದೂರ ಮುಟ್ಟಬಲ್ಲ ಇಷ್ಟು ಸರಳ ಉಪಕರಣ ಇನ್ನೊಂದು ನನಗೆ ಗೊತ್ತಿಲ್ಲ. ಆಂಟೆನಾ ಕೂಡ ಬರೀ ತಂತಿ. 300ನ್ನು ಮೆಗಾಹರ್ಟ್ಜ್‌ನಿಂದ ಭಾಗಿಸಿದರೆ ತರಂಗಾಂತರ ಮೀಟರುಗಳಲ್ಲಿ ಸಿಗುತ್ತದೆ. 7 ಮೆಗಾಹರ್ಟ್ಜ್‌ಗೆ ಅದು ಸುಮಾರು 43. ಅದರ ಅರ್ಧಕ್ಕಿಂತ ತುಸು ಕಡಿಮೆ, ಅಂದರೆ 20 ಮೀಟರ್ ತಂತಿಯನ್ನು ನಡುವೆ ಕತ್ತರಿಸಿ ಎರಡು ಕಂಬಗಳ ನಡುವೆ ಕಟ್ಟಿದರೆ ಆಯಿತು. ಬೆಂಗಳೂರಿನ ಫ್ಲಾಟುಗಳಲ್ಲಿ ಇರುವವರಿಗೆ ಈ 20 ಮೀಟರ್ ದೊಡ್ಡ ತಲೆನೋವು. ಶಿರಹಟ್ಟಿಯ ಹೊಲದಲ್ಲಾಗಲಿ, ಲಕ್ಷ್ಮೇಶ್ವರದ ಮಾಳಿಗೆಯ ಮೇಲಾಗಲಿ ಅದೊಂದು ಸಮಸ್ಯೆಯೇ ಅಲ್ಲ. ಊರಾಚೆ ವಿದ್ಯುತ್ ಗದ್ದಲವೂ ಕಡಿಮೆ.

ಇನ್ನು ಕಲಿಯುವ ಬಗೆ. ಹಲವರು ಚುಕ್ಕೆ ಗೆರೆಗಳ ಪಟ್ಟಿಯನ್ನು ಗೋಡೆಗೆ ಅಂಟಿಸಿ ಬಾಯಿಪಾಠ ಮಾಡುತ್ತಾರೆ. ಅದು ತಪ್ಪು ದಾರಿ. ಕಣ್ಣಿನಿಂದ ಕಲಿತವರು ಪ್ರತಿ ಅಕ್ಷರಕ್ಕೂ ಮನಸ್ಸಿನಲ್ಲಿ ಚುಕ್ಕೆ ಎಣಿಸುತ್ತ ಕೂರುತ್ತಾರೆ, ಅಷ್ಟರಲ್ಲಿ ಮುಂದಿನ ಎರಡು ಅಕ್ಷರಗಳು ದಾಟಿಹೋಗಿರುತ್ತವೆ. 1930ರ ದಶಕದಲ್ಲಿ ಜರ್ಮನಿಯ ಮನೋವಿಜ್ಞಾನಿ ಲುಡ್ವಿಗ್ ಕೋಖ್ ಬೇರೆ ಕ್ರಮ ಹೇಳಿಕೊಟ್ಟರು. ಮೊದಲ ದಿನದಿಂದಲೇ ಪೂರ್ತಿ ವೇಗದಲ್ಲಿ ಎರಡೇ ಅಕ್ಷರ ಕೇಳಿ, ಹತ್ತರಲ್ಲಿ ಒಂಬತ್ತು ಸರಿ ಬಂದಮೇಲೆ ಮೂರನೆಯದನ್ನು ಸೇರಿಸಿ ಎಂದರು. ಆಗ ‘ಡಾ ಡಾ ಡಿಟ್’ ಮೂರು ಸದ್ದಾಗಿ ಕೇಳುವುದಿಲ್ಲ, ಒಂದು ಮುಖವನ್ನು ಗುರುತಿಸಿದಂತೆ ‘ಜಿ’ ಎಂದೇ ಕೇಳುತ್ತದೆ.

ಗದಗಿನವರಿಗೆ ಇದನ್ನು ವಿವರಿಸಿ ಹೇಳಬೇಕೇ? ನಿಮ್ಮ ಊರಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಪಂಡಿತ ಪಂಚಾಕ್ಷರಿ ಗವಾಯಿಗಳು, ಅವರ ನಂತರ ಪಂಡಿತ ಪುಟ್ಟರಾಜ ಗವಾಯಿಗಳು ಎಷ್ಟೊಂದು ಅಂಧ ಮಕ್ಕಳಿಗೆ ಸಂಗೀತ ಕಲಿಸಿದರು. ಇಬ್ಬರಿಗೂ ಕಣ್ಣು ಇರಲಿಲ್ಲ. ತಬಲಾ ಕಲಿಯುವ ಹುಡುಗ ‘ಧಾ ಧಿನ್ ಧಿನ್ ಧಾ’ ಎಂಬುದನ್ನು ಪೆಟ್ಟು ಎಣಿಸಿ ಕಲಿಯುವುದಿಲ್ಲ, ಬಾಯಲ್ಲಿ ಬೋಲ್ ಹೇಳಿ, ಕಿವಿಯಲ್ಲಿ ತುಂಬಿಕೊಂಡು ಕಲಿಯುತ್ತಾನೆ. ಮೋರ್ಸ್ ಕಲಿಕೆ ಅದೇ ಜಾತಿಯದು. ಅಂಧರು ಜಗತ್ತಿನಾದ್ಯಂತ ಒಳ್ಳೆಯ ಹ್ಯಾಮ್‌ಗಳಾಗಿದ್ದಾರೆ. ಬೆಟಗೇರಿಯ ಮಗ್ಗದ ಸದ್ದಿನಲ್ಲಿ ಬೆಳೆದ ಮಕ್ಕಳಿಗೂ ಲಯ ಹೊಸದಲ್ಲ.

ಗದಗಿನ ಇನ್ನೊಂದು ಹೆಸರುವಾಸಿ ಕಸುಬು ಮುದ್ರಣ. ಅದಕ್ಕೂ ಮೋರ್ಸ್‌ಗೂ ನಂಟಿದೆ. ಮೋರ್ಸ್‌ನ ಜೊತೆಗಾರ ಆಲ್‌ಫ್ರೆಡ್ ವೇಲ್, ಯಾವ ಅಕ್ಷರ ಎಷ್ಟು ಬಾರಿ ಬರುತ್ತದೆ ಎಂದು ತಿಳಿಯಲು ಮುದ್ರಣಾಲಯಕ್ಕೆ ಹೋಗಿ ಅಚ್ಚಿನ ಮೊಳೆಗಳ ಲೆಕ್ಕ ನೋಡಿದನಂತೆ. ಮೊಳೆ ಜೋಡಿಸುವವರು ಹೆಚ್ಚು ಬೇಕಾಗುವ ಅಕ್ಷರವನ್ನು ಹೆಚ್ಚು ಇಟ್ಟುಕೊಳ್ಳುತ್ತಾರಲ್ಲವೇ? ಇಂಗ್ಲಿಷಿನಲ್ಲಿ ಅತಿ ಹೆಚ್ಚು ಬರುವ ‘ಇ’ಗೆ ಒಂದೇ ಡಿಟ್, ‘ಟಿ’ಗೆ ಒಂದೇ ಡಾ ಸಿಕ್ಕಿತು. ಅಪರೂಪದ ‘ಕ್ಯೂ’ಗೆ ಡಾ ಡಾ ಡಿ ಡಾ. ಇಂದಿನ ಕಂಪ್ಯೂಟರುಗಳು ಕಡತಗಳನ್ನು ಕಿರಿದಾಗಿಸುವಾಗ ಬಳಸುವ ಉಪಾಯದಲ್ಲೂ ಇದೇ ತತ್ತ್ವವಿದೆ. ಈ ಹಂಚಿಕೆ ಇಂಗ್ಲಿಷಿಗೆ ಹೊಂದುವಂಥದು, ಕನ್ನಡಕ್ಕಲ್ಲ. ತಿರುಳ್ಗನ್ನಡಕ್ಕೆ ಹೆಸರಾಗಿದ್ದ ಪುಲಿಗೆರೆ, ಅಂದರೆ ಇಂದಿನ ಲಕ್ಷ್ಮೇಶ್ವರದ ಹುಡುಗಿಯೂ ‘ನಮಸ್ಕಾರ’ವನ್ನು ರೋಮನ್ ಅಕ್ಷರಗಳಲ್ಲೇ ಕಳಿಸಬೇಕು. ಕನ್ನಡ ಅಕ್ಷರಗಳ ಎಣಿಕೆ ಮಾಡಿ ಕನ್ನಡಕ್ಕೊಂದು ಸಂಕೇತ ರೂಪಿಸಿ ನೋಡುವುದು ಕಾಲೇಜಿನ ಪ್ರಾಜೆಕ್ಟಿಗೆ ಒಳ್ಳೆಯ ವಿಷಯ.

ಮೋರ್ಸ್‌ನ ಪರವಾಗಿ ಮಾತನಾಡುವಾಗ ಅದರ ಮಿತಿಯನ್ನು ಮುಚ್ಚಿಡಬಾರದು. ದುರ್ಬಲ ಸಂಕೇತಗಳನ್ನು ಹಿಡಿಯುವುದರಲ್ಲಿ ಅದು ಈಗ ಮೊದಲನೆಯದಲ್ಲ. ಭೌತಶಾಸ್ತ್ರದಲ್ಲಿ 1993ರ ನೊಬೆಲ್ ಪಡೆದವರಲ್ಲಿ ಒಬ್ಬರಾದ ಜೋಸೆಫ್ ಟೇಲರ್ ಸ್ವತಃ ಹ್ಯಾಮ್. ಅವರು ಸ್ಟೀವ್ ಫ್ರಾಂಕ್ ಜೊತೆಗೂಡಿ 2017ರಲ್ಲಿ ಹೊರತಂದ ‘ಎಫ್‌ಟಿ 8’ ಎಂಬ ಡಿಜಿಟಲ್ ಪದ್ಧತಿ, ಕಿವಿಗೆ ಏನೂ ಕೇಳದ ಕಡೆಯೂ ಸಂದೇಶವನ್ನು ಓದುತ್ತದೆ. ಆದರೆ ಅದಕ್ಕೆ ಕಂಪ್ಯೂಟರು ಬೇಕು, ನಿಖರವಾದ ಗಡಿಯಾರ ಬೇಕು, ಕಳಿಸಬಹುದಾದ ಸಂದೇಶವೂ ತೀರ ಚುಟುಕು. ಮೋರ್ಸ್‌ನಲ್ಲಿ ಎರಡು ತುದಿಯಲ್ಲೂ ಇರುವುದು ಮನುಷ್ಯನ ತಲೆ. ಹಾಗೆಯೇ, ವಿಪತ್ತಿನಲ್ಲಿ ಮೋರ್ಸ್ ಒಂದೇ ನಮ್ಮನ್ನು ಕಾಪಾಡುತ್ತದೆ ಎಂಬ ಮಾತನ್ನೂ ನಾನು ಒಪ್ಪುವುದಿಲ್ಲ. 2004ರ ಡಿಸೆಂಬರ್ 26ರಂದು ಸುನಾಮಿ ಬಡಿದಾಗ, ಹೈದರಾಬಾದಿನ ರಾಷ್ಟ್ರೀಯ ಹವ್ಯಾಸಿ ರೇಡಿಯೋ ಸಂಸ್ಥೆಯ ಭಾರತಿ ಪ್ರಸಾದ್ ಅವರು ಹ್ಯಾಮ್ ಯಾತ್ರೆಗೆಂದು ಅಂಡಮಾನಿನಲ್ಲಿದ್ದರು. ಹೊರಜಗತ್ತಿಗೆ ಸುದ್ದಿ ಮುಟ್ಟಿಸಲು ಅವರ ಕೇಂದ್ರ ಆಸರೆಯಾಯಿತು. ಅಂಥ ಹೊತ್ತಿನಲ್ಲಿ ಹ್ಯಾಮ್‌ಗಳು ಹೆಚ್ಚಾಗಿ ಮಾತನ್ನೇ ಬಳಸುತ್ತಾರೆ. 2009ರಲ್ಲಿ, ಮತ್ತೆ 2019ರ ಆಗಸ್ಟಿನಲ್ಲಿ ಮಲಪ್ರಭೆ ಉಕ್ಕಿದ್ದನ್ನು ನಿಮ್ಮ ಜಿಲ್ಲೆ ಕಂಡಿದೆ. ಅಂಥ ದಿನ ಟವರು, ಕರೆಂಟು ಎರಡೂ ಹೋದಾಗ ಬ್ಯಾಟರಿಯ ಮೇಲೆ ನಡೆಯುವ ಒಂದು ಕೇಂದ್ರ, ಅದನ್ನು ನಡೆಸಬಲ್ಲ ಒಬ್ಬ ವ್ಯಕ್ತಿ ತಾಲ್ಲೂಕಿಗೊಬ್ಬರಾದರೂ ಇರುವುದು ಮುಖ್ಯ. ಬ್ಯಾಟರಿ ಇಳಿಯುತ್ತ ಬಂದು ಮಾತು ಮುಟ್ಟದಾದಾಗ ಮೋರ್ಸ್ ಬಲ್ಲವರಿಗೆ ಇನ್ನೊಂದು ಅವಕಾಶ ಉಳಿದಿರುತ್ತದೆ, ಅಷ್ಟೆ.

ಆಕಾಶದಲ್ಲೂ ಮೋರ್ಸ್ ಇದೆ. 2010ರ ಜುಲೈ 12ರಂದು ಶ್ರೀಹರಿಕೋಟಾದಿಂದ ಪಿಎಸ್‌ಎಲ್‌ವಿ ಸಿ-15 ಹೊತ್ತೊಯ್ದ ಸ್ಟಡ್‌ಸ್ಯಾಟ್ ಒಂದು ಕಿಲೋಗ್ರಾಮಿಗಿಂತ ಹಗುರವಾದ ಪುಟ್ಟ ಉಪಗ್ರಹ. ಅದನ್ನು ಕಟ್ಟಿದವರು ಬೆಂಗಳೂರು ಮತ್ತು ಹೈದರಾಬಾದಿನ ಎಂಜಿನಿಯರಿಂಗ್ ವಿದ್ಯಾರ್ಥಿಗಳು. ತನ್ನ ಇರವನ್ನು ಸಾರುವ ಅದರ ಸಂಕೇತ ಮೋರ್ಸ್‌ನಲ್ಲಿತ್ತು. ಇಂಥ ಉಪಗ್ರಹ ತಲೆಯ ಮೇಲೆ ಹಾದುಹೋಗುವಾಗ ಸರಳ ಗ್ರಾಹಕವಿರುವ ಯಾವ ವಿದ್ಯಾರ್ಥಿಯೂ ಅದರ ದನಿ ಕೇಳಬಹುದು.

ಆರಂಭಿಸುವವರಿಗೆ ನಾಲ್ಕು ಮಾತು. ಒಂಬತ್ತು ವೋಲ್ಟ್ ಬ್ಯಾಟರಿ, ಒಂದು ಬಜರ್, ಗರಗಸದ ಮುರಿದ ಬ್ಲೇಡಿನಿಂದ ಮಾಡಿದ ಕೀಲಿ, ಇಷ್ಟಿದ್ದರೆ ಅಭ್ಯಾಸ ಶುರು. ದಿನಕ್ಕೆ ಇಪ್ಪತ್ತು ನಿಮಿಷ ಸಾಕು, ಭಾನುವಾರ ಒಂದೇ ಸಲ ಮೂರು ಗಂಟೆ ಕೂತರೆ ಬರುವುದಿಲ್ಲ. ಮನೆಯ ಸಾಮಾನ್ಯ ರೇಡಿಯೋದಲ್ಲಿ ಮೋರ್ಸ್ ನಾದವಾಗಿ ಕೇಳುವುದಿಲ್ಲ, ಬರೀ ಉಸಿರಾಟದಂತೆ ಕೇಳುತ್ತದೆ. ಬರುವ ತರಂಗಕ್ಕೆ ಇನ್ನೊಂದು ಕಂಪನವನ್ನು ಬೆರೆಸಿ ನಾದ ಹೊರಡಿಸುವ ಏರ್ಪಾಡು ಇರುವ ಗ್ರಾಹಕ ಬೇಕು. ಅದು ಇಲ್ಲದವರು ನೆದರ್‌ಲ್ಯಾಂಡ್ಸಿನ ಟ್ವೆಂಟೆ ವಿಶ್ವವಿದ್ಯಾಲಯ ಅಂತರ್ಜಾಲದಲ್ಲಿ ತೆರೆದಿಟ್ಟಿರುವ ಗ್ರಾಹಕವನ್ನು ಮೊಬೈಲಿನಿಂದಲೇ ತಿರುಗಿಸಿ ಕೇಳಬಹುದು. ಪ್ರಸಾರ ಮಾಡಲು ಮಾತ್ರ ಕೇಂದ್ರ ಸರ್ಕಾರದ ದೂರಸಂಪರ್ಕ ಇಲಾಖೆಯ ಪರೀಕ್ಷೆ ಮತ್ತು ಲೈಸೆನ್ಸ್ ಬೇಕೇ ಬೇಕು. ಲೈಸೆನ್ಸ್ ಇಲ್ಲದೆ ಪ್ರೇಷಕ ಹಚ್ಚುವುದು ಅಪರಾಧ. 12 ವರ್ಷ ತುಂಬಿದವರು ಪರೀಕ್ಷೆಗೆ ಕೂರಬಹುದು. ಕೊನೆಯದಾಗಿ, ಏಪ್ರಿಲ್ ಮೇ ತಿಂಗಳ ಸಂಜೆ ಕಪ್ಪತಗುಡ್ಡದ ಮೇಲೆ ಮೋಡ ಕಟ್ಟಿದ್ದು ಕಂಡರೆ ಕೇಳುತ್ತ ಕೂರಬೇಡಿ. ಗುಡುಗು ಶುರುವಾಗುವ ಮೊದಲೇ ಆಂಟೆನಾ ತಂತಿಯನ್ನು ಗ್ರಾಹಕದಿಂದ ಬಿಚ್ಚಿ ಮನೆಯ ಹೊರಗೆ ಹಾಕಿಬಿಡಿ.