ಮಳೆಯ ಅಳತೆಯೂ ಊರಿನ ಹೊಣೆಯೂ



ಮಹೋತ್ಸವದ ಈ ಶುಭಸಮಯದಲ್ಲಿ ಬರಗಾಲದ ಮಾತನ್ನೆತ್ತುವುದು ಉಚಿತವೇ ಎಂದು ಕೆಲವರು ಶಂಕಿಸಬಹುದು. ಮಠದ ದಾಸೋಹಕ್ಕೆ ಧಾನ್ಯವನ್ನು ತಂದೊಪ್ಪಿಸುವವನು ರೈತನು. ಅವನ ಹೊಲವು ಒಣಗಿದಲ್ಲಿ ಉತ್ಸವವೆಲ್ಲಿಯದು? ಆದುದರಿಂದ ತಾವು ಕ್ಷಮಿಸಿ ಕೇಳಬೇಕು.

ಬರವು ನಮ್ಮ ನಾಡಿಗೆ ಹೊಸದಲ್ಲ. ೧೮೭೬-೭೮ರ ಮಹಾಕ್ಷಾಮದಲ್ಲಿ ಮೈಸೂರು ಸಂಸ್ಥಾನವೊಂದರಲ್ಲಿಯೇ ಸುಮಾರು ೧೦ ಲಕ್ಷ ಜನರು ಮಡಿದರು. ೧೮೮೦ರಲ್ಲಿ ಕ್ಷಾಮ ಆಯೋಗವು ವರದಿಯನ್ನೊಪ್ಪಿಸಿದ ಬಳಿಕ ಪರಿಹಾರದ ನಿಯಮಗಳು ಹುಟ್ಟಿದವು. ಹಸಿದವರಿಗೆ ಕೂಲಿಯನ್ನೂ ಅನ್ನವನ್ನೂ ಒದಗಿಸುವುದು ಅವುಗಳ ಗುರಿಯಾಗಿದ್ದಿತು. ವಿಪತ್ತು ಬಂದ ಮೇಲೆ ಎಚ್ಚರುವ ಆ ರೂಢಿಯು ಇಂದಿಗೂ ಪೂರ್ಣವಾಗಿ ಹೋಗಿಲ್ಲ.

ಈಗಲಾದರೋ ಮಳೆಯ ನಡತೆಯೇ ಬೇರೆಯಾಗುತ್ತಿರುವುದು. ಕಲ್ಲಿದ್ದಲು ಎಣ್ಣೆಗಳನ್ನು ಸುಟ್ಟುದರಿಂದ ವಾಯುಮಂಡಲದಲ್ಲಿ ಇಂಗಾಲಾಮ್ಲ ವಾಯುವು ಹೆಚ್ಚಿ ಭೂಮಿಯು ಕಾವೇರುತ್ತಿದೆ. ಕಾವೇರಿದ ಗಾಳಿಯು ಹೆಚ್ಚು ನೀರಾವಿಯನ್ನು ಹೊರಬಲ್ಲದು. ಆದುದರಿಂದ ಸುರಿದಾಗ ಭೋರೆಂದು ಸುರಿಯುವುದು, ತಡೆದಾಗ ನೆಲದ ತೇವವನ್ನೆಲ್ಲ ಹೀರುವುದು. ೨೦೦೯ರಲ್ಲಿ ಬರಕ್ಕೆ ಹೆಸರಾದ ವಿಜಯಪುರ, ಬಾಗಲಕೋಟೆ, ರಾಯಚೂರು ಸೀಮೆಗಳೇ ನೆರೆಯಲ್ಲಿ ಮುಳುಗಿದವು. ೨೦೨೩ರಲ್ಲಿ ರಾಜ್ಯದ ೨೩೬ ತಾಲ್ಲೂಕುಗಳ ಪೈಕಿ ೨೨೩ ಬರಪೀಡಿತವೆಂದು ಸಾರಲ್ಪಟ್ಟವು. ಒಂದೊಂದು ವಿಪತ್ತಿಗೂ ಇದೊಂದೇ ಕಾರಣವೆನ್ನಲಾಗದು. ಇಂಥವು ಹೆಚ್ಚುವುವೆಂಬುದು ಮಾತ್ರ ವಿಜ್ಞಾನಿಗಳ ಎಚ್ಚರಿಕೆಯು.

ಸರಕಾರವು ಕೈಕಟ್ಟಿ ಕುಳಿತಿದೆಯೆಂದಲ್ಲ. ೧೯೮೮ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ಬರ ಉಸ್ತುವಾರಿ ಘಟಕವು ಇಂದು ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವಾಗಿ ಬೆಳೆದು, ಗ್ರಾಮ ಪಂಚಾಯಿತಿಗಳವರೆಗೂ ಮಳೆಮಾಪಕಗಳನ್ನು ನಿಲ್ಲಿಸಿದೆ. ೨೦೦೧ರಲ್ಲಿ ಮೊದಲಾದ ಸುಜಲ ಯೋಜನೆಯು ಕೋಲಾರ, ತುಮಕೂರು, ಚಿತ್ರದುರ್ಗ, ಹಾವೇರಿ, ಧಾರವಾಡ ಜಿಲ್ಲೆಗಳಲ್ಲಿ ಬದುಗಳನ್ನು ಕಟ್ಟಿಸಿ, ಓಡುವ ನೀರನ್ನು ನಡೆಯಿಸಿತು, ನಡೆಯುವ ನೀರನ್ನು ಇಂಗಿಸಿತು.

ಆದರೆ ಅಳತೆಯು ಊರಿಗೆ ಬಂದಿತು. ನಿರ್ಧಾರವು ಊರಿಗೆ ಬರಲಿಲ್ಲ. ೨೦೨೩ರ ಮುಂಗಾರು ಬೆಳೆಯು ನಷ್ಟವಾದುದಕ್ಕಾಗಿ ಕೇಂದ್ರದ ನೆರವನ್ನು ಕೋರಿ ರಾಜ್ಯವು ಸರ್ವೋಚ್ಚ ನ್ಯಾಯಾಲಯದ ಮೊರೆಹೊಕ್ಕಿತು; ಹಣವು ಬಿಡುಗಡೆಯಾದುದು ೨೦೨೪ರ ಏಪ್ರಿಲ್ ತಿಂಗಳಿನಲ್ಲಿ. ಅಲ್ಲಿಯವರೆಗೆ ಸಾಹುಕಾರನು ತಡೆಯುವನೇ? ಮೇವಿಲ್ಲದ ದನವು ಸಂತೆಗೆ ಹೋಗದಿರುವುದೇ? ಇನ್ನೊಂದು ಕೊರತೆಯುಂಟು. ಬೆಳೆಪರಿಹಾರವು ಸಾಮಾನ್ಯವಾಗಿ ಪಹಣಿಯಲ್ಲಿ ಹೆಸರುಳ್ಳವನಿಗೆ ಸಲ್ಲುವುದು. ಕೋರಿಗೆ ಮಾಡಿದವನ ಬೆವರಿಗೂ ಕೂಲಿಯವಳ ಹಸಿವಿಗೂ ಪಹಣಿಯೆಲ್ಲಿ?

ಊರಿನ ಸಂಸ್ಥೆಗಳ ಕರ್ತವ್ಯವು ಇಲ್ಲಿಯೇ ಇರುವುದು. ದಾಸೋಹದ ಪಂಕ್ತಿಯಲ್ಲಿ ಕುಳಿತವನನ್ನು ಪಹಣಿ ಕೇಳುವ ವಾಡಿಕೆಯಿಲ್ಲ. ಅದೇ ದೃಷ್ಟಿಯಿಂದ ಮಠವೂ ಪಂಚಾಯಿತಿಯೂ ಸಹಕಾರ ಸಂಘವೂ ಕೂಡಿ ಮೂರು ಕಾರ್ಯಗಳನ್ನು ಕೈಕೊಳ್ಳಲಿ. ಮಳೆಮಾಪಕದ ಅಂಕಿಯನ್ನು ಚಾವಡಿಯಲ್ಲಿ ಎಲ್ಲರೂ ಓದುವಂತೆ ಬರೆಯಿಸಲಿ. ಬೇಸಗೆಯಲ್ಲಿ ಕೆರೆಯ ಹೂಳನ್ನೆತ್ತಿಸಿ, ಆ ಕೂಲಿಯನ್ನು ಭೂಮಿಯಿಲ್ಲದವರಿಗೆ ಮೊದಲು ಕೊಡಲಿ. ಜೋಳ, ನವಣೆ, ಹುರುಳಿಗಳ ಬೀಜವನ್ನು ಊರಿನ ಕಣಜದಲ್ಲಿರಿಸಿ, ಮೊದಲ ಬಿತ್ತನೆಯು ಕೆಟ್ಟವರಿಗೆ ಎರಡನೆಯ ಬಿತ್ತನೆಗೆ ಕಡವಾಗಿ ಕೊಡಲಿ.

ಇದರಿಂದ ಸರಕಾರದ ಹೊಣೆಯು ತಪ್ಪದು. ಅದನ್ನು ಕೇಳುವ ಬಲವು ಊರಿಗೆ ಬರುವುದು. ಬರವು ಬಂದ ಮೇಲೆ ಅನ್ನವಿಕ್ಕುವುದು ಪುಣ್ಯವು. ಬರುವ ಮುನ್ನ ನೀರನ್ನು ಕಟ್ಟುವುದು ಅದಕ್ಕೂ ಮಿಗಿಲಾದುದೆಂದು ಬಿನ್ನವಿಸಿ, ನನ್ನ ನಾಲ್ಕು ಮಾತುಗಳನ್ನು ಮುಗಿಸುವೆನು.