ದಾರಿಗೂ ಒಂದು ಹಕ್ಕಿದೆ

(ಗದಗ-ಬೆಟಗೇರಿಯಲ್ಲಿ ಜರಗಿದ ಪಾಲಕರ ಸಭೆಯಲ್ಲಿ ಮಾಡಿದ ಭಾಷಣದ ಲಿಖಿತ ರೂಪ)



ಸಂಚಾರ ನಿಯಮ ಮತ್ತು ಕುಡಿದು ವಾಹನ ಚಲಾಯಿಸುವುದರ ಕುರಿತು ಮಾತನಾಡಲು ಬಂದಿದ್ದೇನೆ ಎಂದಾಗ ಹಿರಿಯರೊಬ್ಬರು ನನ್ನನ್ನು ಕೇಳಿದರು: “ಮೌಲಾನಾ, ಶರಾಬಿನ ಮಾತು ನಮಗೇಕೆ? ನಮ್ಮದು ಕುಡಿಯದ ಸಮುದಾಯವಲ್ಲವೇ?” ಈ ಪ್ರಶ್ನೆಗೆ ಉತ್ತರಿಸುವುದೇ ಇಂದಿನ ನನ್ನ ಭಾಷಣ.

ಮದ್ಯ ನಿಷಿದ್ಧವೆಂಬುದರಲ್ಲಿ ನಮ್ಮೊಳಗೆ ಭಿನ್ನಾಭಿಪ್ರಾಯವಿಲ್ಲ. ಆದರೆ ನಮ್ಮ ಮೊಹಲ್ಲಾಗಳಲ್ಲಿ ಕುಡಿಯುವವರೇ ಇಲ್ಲವೆಂದು ಹೇಳುವುದು ನಮ್ಮನ್ನು ನಾವೇ ವಂಚಿಸಿಕೊಂಡಂತೆ. ಮಧ್ಯರಾತ್ರಿ ಬಾಗಿಲ ಬಳಿ ಕಾದು ಕುಳಿತ ಸಹೋದರಿಯರಿಗೆ ಸತ್ಯ ತಿಳಿದಿದೆ. 1988ರ ಮೋಟಾರು ವಾಹನ ಕಾಯ್ದೆಯ 185ನೇ ಕಲಂ ಪ್ರಕಾರ, 100 ಮಿಲಿಲೀಟರ್ ರಕ್ತದಲ್ಲಿ 30 ಮಿಲಿಗ್ರಾಂಗಿಂತ ಹೆಚ್ಚು ಮದ್ಯಸಾರ ಇರುವಾಗ ವಾಹನ ಚಲಾಯಿಸುವುದು ಅಪರಾಧ. ಮಾದಕ ದ್ರವ್ಯ ಸೇವಿಸಿ ಹತೋಟಿ ತಪ್ಪಿದವನಿಗೂ ಇದೇ ಕಲಂ ಅನ್ವಯಿಸುತ್ತದೆ. 2019ರ ತಿದ್ದುಪಡಿಯ ಬಳಿಕ ಮೊದಲ ಸಲ 6 ತಿಂಗಳವರೆಗೆ ಸೆರೆವಾಸ ಅಥವಾ 10,000 ರೂಪಾಯಿ ದಂಡ, ಅಥವಾ ಎರಡೂ. ಮತ್ತೆ ಸಿಕ್ಕಿಬಿದ್ದರೆ 2 ವರ್ಷಗಳವರೆಗೆ ಸೆರೆವಾಸ ಅಥವಾ 15,000 ರೂಪಾಯಿ ದಂಡ, ಅಥವಾ ಎರಡೂ. ದೇಶದ ಕಾನೂನು 30 ಮಿಲಿಗ್ರಾಂವರೆಗೆ ಸಹಿಸುತ್ತದೆ. ನಮ್ಮ ಧರ್ಮ ಒಂದು ಹನಿಯನ್ನೂ ಸಹಿಸುವುದಿಲ್ಲ. ಆದ್ದರಿಂದ ಪೊಲೀಸರ ಈ ತಪಾಸಣೆಯನ್ನು ಎಲ್ಲರಿಗಿಂತ ಮೊದಲು ಸ್ವಾಗತಿಸಬೇಕಾದವರು ನಾವು.

ಇನ್ನು, ಕುಡಿಯದವನು ರಸ್ತೆಯಲ್ಲಿ ನಿರಪರಾಧಿಯೇ? ದಾರಿಯ ಮೇಲೆ ಕುಳಿತುಕೊಳ್ಳುತ್ತಿದ್ದ ತಮ್ಮ ಸಂಗಾತಿಗಳಿಗೆ ಪ್ರವಾದಿವರ್ಯರು(ಸ) ದಾರಿಯ ಹಕ್ಕನ್ನು ಸಲ್ಲಿಸುವಂತೆ ಬೋಧಿಸಿದ್ದರು. ಯಾರಿಗೂ ತೊಂದರೆ ಕೊಡದಿರುವುದು ಆ ಹಕ್ಕುಗಳಲ್ಲೊಂದು. ದಾರಿಯಲ್ಲಿ ಬಿದ್ದಿರುವ ತೊಡಕನ್ನು ಸರಿಸುವುದನ್ನು ಅವರು ಈಮಾನಿನ ಒಂದು ಶಾಖೆಯೆಂದರು. ಮುಳ್ಳನ್ನು ಸರಿಸುವುದು ಈಮಾನ್ ಆದರೆ, ನಾವೇ ದಾರಿಯ ಮುಳ್ಳಾಗುವುದನ್ನು ಏನೆಂದು ಕರೆಯೋಣ? ಜುಮಾ ದಿನ ಮಸೀದಿಯ ಮುಂದೆ ಅರ್ಧ ರಸ್ತೆ ಮುಚ್ಚುವಂತೆ ಬೈಕ್ ನಿಲ್ಲಿಸುತ್ತೇವೆ. ತಲೆಯ ಮೇಲೆ ಟೋಪಿ ಇದೆಯೆಂದು ಹೆಲ್ಮೆಟ್ ಬಿಡುತ್ತೇವೆ. ಕಾನೂನು ವಿನಾಯಿತಿ ಕೊಟ್ಟಿರುವುದು ಪೇಟ ಧರಿಸಿದ ಸಿಖ್ಖರಿಗೆ, ನಮ್ಮ ಟೋಪಿಗಲ್ಲ. ಮದುವೆಯ ದಿಬ್ಬಣವನ್ನು ಸರಕು ವಾಹನದಲ್ಲಿ ತುಂಬಿ ಶಿರಹಟ್ಟಿ, ಮುಂಡರಗಿಯ ಹಳ್ಳಿಗಳಿಗೆ ಒಯ್ಯುತ್ತೇವೆ. ಕೇಂದ್ರ ಸರಕಾರದ ವರದಿಯ ಪ್ರಕಾರ 2022ರಲ್ಲಿ ದೇಶದ ರಸ್ತೆಗಳಲ್ಲಿ ಸತ್ತವರು 1,68,491 ಮಂದಿ. ಅವರಲ್ಲಿ ಸುಮಾರು 50,000 ಮಂದಿ ಹೆಲ್ಮೆಟ್ ಧರಿಸಿರದ ದ್ವಿಚಕ್ರ ವಾಹನ ಸವಾರರು.

ಇಲ್ಲಿ ನನ್ನದೇ ಒಂದು ತಪ್ಪನ್ನು ನಿಮ್ಮ ಮುಂದೆ ಹೇಳಬೇಕಾಗಿದೆ. ಕೆಲವು ವರ್ಷಗಳ ಹಿಂದೆ ಬಂಧುವೊಬ್ಬರ ಹದಿನಾರು ವರ್ಷದ ಮಗ ಬೈಕ್ ಓಡಿಸುತ್ತ ಪೊಲೀಸರ ಕೈಗೆ ಸಿಕ್ಕಿಬಿದ್ದ. ಅವನ ತಂದೆ ಫೋನ್ ಮಾಡಿ, “ಭಾಯಿಜಾನ್, ನೀವು ಪತ್ರಿಕೆಯವರು, ಒಂದು ಮಾತು ಹೇಳಿಬಿಡಿ” ಎಂದರು. ನಾನು ಹೇಳಿದೆ. ಬೈಕ್ ಬಿಡುಗಡೆಯಾಯಿತು. ಆ ರಾತ್ರಿ ಅವರ ಮನೆಯಲ್ಲಿ ನನಗೆ ಊಟದ ಸತ್ಕಾರವೂ ಆಯಿತು. ಮೂರು ತಿಂಗಳ ಬಳಿಕ ಅದೇ ಹುಡುಗ, ಅದೇ ಬೈಕಿನಲ್ಲಿ, ಸಂತೆ ಮುಗಿಸಿ ಮನೆಗೆ ನಡೆದು ಹೋಗುತ್ತಿದ್ದ ಕಾಯಿಪಲ್ಯೆ ಮಾರುವ ಮುದುಕಿಗೆ ಡಿಕ್ಕಿ ಹೊಡೆದ. ಆಕೆಯ ಸೊಂಟ ಮುರಿಯಿತು. ನಾನು ನೋಡಲು ಹೋದಾಗ ಆಕೆ, “ನೀ ಯಾರಪಾ ತಮ್ಮಾ?” ಎಂದು ಕೇಳಿದಳು. ಹುಡುಗನ ಸಂಬಂಧಿಕನೆಂದೆ. ಆ ಬೈಕನ್ನು ಬಿಡಿಸಿದವನು ನಾನೇ ಎಂದು ಹೇಳುವ ಧೈರ್ಯ ಬರಲಿಲ್ಲ. ಆಕೆ ಮತ್ತೆಂದೂ ಸಂತೆಗೆ ಬರಲಿಲ್ಲ.

ಆ ಬೈಕಿನ ವಿಮೆಯ ಅವಧಿ ಮುಗಿದಿತ್ತು. ಪರಿಹಾರ ಕೊಡಲು ಆ ತಂದೆ ಮಗಳ ಮದುವೆಗೆಂದು ಮಾಡಿಸಿದ್ದ ಬಂಗಾರ ಮಾರಬೇಕಾಯಿತು. ವಿಮೆ ಇದ್ದಿದ್ದರೂ ಅವರು ಪೂರ್ಣ ಪಾರಾಗುತ್ತಿರಲಿಲ್ಲ. ಲೈಸೆನ್ಸ್ ಇಲ್ಲದವನು ಅಪಘಾತ ಮಾಡಿದಾಗ ವಿಮಾ ಕಂಪೆನಿಯು ಗಾಯಾಳುವಿಗೆ ಮೊದಲು ಹಣ ಕೊಟ್ಟು, ಬಳಿಕ ಅದನ್ನು ಮಾಲಕನಿಂದ ವಸೂಲು ಮಾಡಲು ಅವಕಾಶವಿದೆಯೆಂದು ಸುಪ್ರೀಮ್ ಕೋರ್ಟ್ 2004ರಲ್ಲೇ ಹೇಳಿದೆ. 2019ರ ತಿದ್ದುಪಡಿಯು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿದೆ. ಅಪ್ರಾಪ್ತ ವಯಸ್ಕನು ವಾಹನ ಚಲಾಯಿಸಿ ಅಪರಾಧ ಎಸಗಿದರೆ ಪಾಲಕರು ಅಥವಾ ಮಾಲಕರಿಗೆ 3 ವರ್ಷಗಳವರೆಗೆ ಸೆರೆವಾಸ ಮತ್ತು 25,000 ರೂಪಾಯಿ ದಂಡ. ವಾಹನದ ನೋಂದಣಿ 12 ತಿಂಗಳು ರದ್ದು. ಆ ಹುಡುಗನಿಗೆ 25 ವರ್ಷ ತುಂಬುವವರೆಗೆ ಲೈಸೆನ್ಸ್ ಇಲ್ಲ. ಮಗನ ಮೇಲಿನ ಪ್ರೀತಿಯಿಂದ ಬೈಕಿನ ಕೀಲಿ ಕೊಡುವವರು ಇದನ್ನು ಯೋಚಿಸಲಿ.

ಮದ್ರಸಾದಲ್ಲಿ ನಾವು ಹುಕೂಕುಲ್ಲಾಹ್ ಮತ್ತು ಹುಕೂಕುಲ್ ಇಬಾದ್ ಎಂಬ ಎರಡು ಬಗೆಯ ಹಕ್ಕುಗಳನ್ನು ಓದಿದ್ದೇವೆ. ಅಲ್ಲಾಹನ ಹಕ್ಕಿನಲ್ಲಿ ಲೋಪವಾದರೆ ತೌಬಾದ ಬಾಗಿಲು ತೆರೆದಿದೆ. ದಾಸರ ಹಕ್ಕಿನಲ್ಲಿ ಲೋಪವಾದರೆ ಆ ದಾಸನೇ ಕ್ಷಮಿಸಬೇಕು. ಒಂದು ಫೋನ್ ಕರೆಯಿಂದ ನಾನು ಪೊಲೀಸರನ್ನಲ್ಲ, ಆ ಮುದುಕಿಯನ್ನು ವಂಚಿಸಿದ್ದೆ. ರಾಜ್ಯ ಸರಕಾರವು 2023ರಲ್ಲಿ ಮತ್ತು 2025ರಲ್ಲಿ ಸಂಚಾರ ದಂಡದ ಬಾಕಿಗೆ ಶೇಕಡಾ 50 ರಿಯಾಯಿತಿ ಘೋಷಿಸಿತು. ದಂಡಕ್ಕೆ ರಿಯಾಯಿತಿ ಸಿಗಬಹುದು. ಮುರಿದ ಸೊಂಟಕ್ಕೆ ಯಾವ ಸರಕಾರ ರಿಯಾಯಿತಿ ಕೊಟ್ಟೀತು?

ಹಾಗೆಂದು ಅಧಿಕಾರಸ್ಥರಿಗೆ ಹೊಣೆಯಿಲ್ಲವೆಂದು ನಾನು ಹೇಳುತ್ತಿಲ್ಲ. ಕಾನೂನು ಮುಳಗುಂದ ನಾಕಾದಲ್ಲಿ ಬಡವನ ಟಂಟಂಗೆ ಒಂದು, ಮುಖಂಡನ ಕಾರಿಗೆ ಇನ್ನೊಂದು ಆಗಬಾರದು. ಹೆಸರು ಕೇಳಿ, ಉಡುಪು ನೋಡಿ ತಪಾಸಣೆ ಬಿಗಿಗೊಳ್ಳಬಾರದು. ರಸೀದಿಯಿಲ್ಲದೆ ಪಡೆದ ಹಣ ದಂಡವಲ್ಲ, ಲಂಚ. ಅದನ್ನು ಕೊಡುವವನೂ ಪಡೆಯುವವನೂ ಪಾಪದಲ್ಲಿ ಪಾಲುದಾರರು. ಕುಡಿದು ಓಡಿಸಿದ ಪ್ರಕರಣವಂತೂ ರಸ್ತೆಯ ಬದಿಯಲ್ಲಿ ಹಣ ಕಟ್ಟಿ ಮುಗಿಸುವಂಥದ್ದಲ್ಲ, ಅದು ನ್ಯಾಯಾಲಯಕ್ಕೇ ಹೋಗಬೇಕು. ಸರಕಾರಕ್ಕೂ ಒಂದು ಪ್ರಶ್ನೆ ಇದೆ. 2025–26ರ ಮುಂಗಡಪತ್ರದಲ್ಲಿ ಅಬಕಾರಿ ಆದಾಯದ ಗುರಿ 40,000 ಕೋಟಿ ರೂಪಾಯಿ. ಹೆದ್ದಾರಿಯಿಂದ 500 ಮೀಟರ್ ಒಳಗೆ ಮದ್ಯದಂಗಡಿ ಇರಬಾರದೆಂದು ಸುಪ್ರೀಮ್ ಕೋರ್ಟ್ 2016ರಲ್ಲಿ ಆದೇಶಿಸಿತ್ತು. 2017ರಲ್ಲಿ ನಗರ ವ್ಯಾಪ್ತಿಗೆ ಸಡಿಲಿಕೆ ದೊರೆಯಿತು. ಒಂದು ಇಲಾಖೆ ಕುಡಿಸುವ ಗುರಿ ಹೊತ್ತಿದೆ, ಇನ್ನೊಂದು ಇಲಾಖೆ ಕುಡಿದವನ ಬಾಯಿಗೆ ಯಂತ್ರ ಹಿಡಿಯುತ್ತಿದೆ. ಈ ವಿರೋಧಾಭಾಸವನ್ನು ಪ್ರಶ್ನಿಸುವುದು ಎಲ್ಲ ಧರ್ಮದ ಸಜ್ಜನರ ಕೆಲಸ. ಫಕೀರೇಶ್ವರ ಮಠವಿರುವ, ಹಿಂದೂ ಮುಸ್ಲಿಮರು ಜೊತೆಗೂಡಿ ನಡೆದ ಈ ಮಣ್ಣಿನಲ್ಲಿ ಅದು ಕಷ್ಟವೇನಲ್ಲ. ಆದರೆ ನಮ್ಮ ಕೈ ಸ್ವಚ್ಛವಾಗಿದ್ದರೆ ಮಾತ್ರ ನಮ್ಮ ಪ್ರಶ್ನೆಗೆ ಬೆಲೆ.

ಆದ್ದರಿಂದ ಗದಗ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಯ ಜಮಾಅತುಗಳಲ್ಲಿ ನನ್ನ ವಿನಂತಿ ಇಷ್ಟು. ಲೈಸೆನ್ಸ್ ಇಲ್ಲದ ಮಗನಿಗೆ ಕೀಲಿ ಕೊಡಬೇಡಿ. ವಿಮೆಯ ಕಂತನ್ನು ಮನೆಯ ದಿನಸಿಯಷ್ಟೇ ಅಗತ್ಯವೆಂದು ತಿಳಿಯಿರಿ. ಜುಮಾ ದಿನ ಮಸೀದಿಯ ಮುಂದೆ ದಾರಿ ಬಿಡಿಸಲು ಇಬ್ಬರು ಯುವಕರನ್ನು ನೇಮಿಸಿರಿ. ಅಪಘಾತ ಕಂಡಾಗ ಹೆದರಿ ದೂರ ಸರಿಯಬೇಡಿ. ಸದುದ್ದೇಶದಿಂದ ನೆರವಾದವನಿಗೆ ಇಂದಿನ ಕಾಯ್ದೆಯಲ್ಲಿ ರಕ್ಷಣೆಯಿದೆ. ಕುಡಿತಕ್ಕೆ ಬಿದ್ದವನನ್ನು ಹೀಯಾಳಿಸದೆ ವೈದ್ಯರ ಬಳಿ ಕರೆದೊಯ್ಯಿರಿ, ಆದರೆ ಅವನ ಕೈಯಿಂದ ಕೀಲಿಯನ್ನು ಮೊದಲು ತೆಗೆದುಕೊಳ್ಳಿರಿ. ಮುಖ್ಯವಾಗಿ, ಠಾಣೆಯಲ್ಲಿ ನಿಂತ ಬೈಕನ್ನು ಬಿಡಿಸಲು ಯಾರಿಗೂ ಫೋನ್ ಮಾಡಬೇಡಿ.

ನನಗಂತೂ ಖಂಡಿತ ಮಾಡಬೇಡಿ. ನಾಳೆ ಅಲ್ಲಾಹನ ಸನ್ನಿಧಿಯಲ್ಲಿ ಆ ಮುದುಕಿ ಮತ್ತೆ “ನೀ ಯಾರಪಾ?” ಎಂದು ಕೇಳಿದರೆ ಏನು ಹೇಳಲೆಂದು ನಾನಿನ್ನೂ ಯೋಚಿಸುತ್ತಿದ್ದೇನೆ.

ದಾರಿಯ ಹಕ್ಕನ್ನು ಸಲ್ಲಿಸುವ ಸದ್ಬುದ್ಧಿಯನ್ನು ಅಲ್ಲಾಹನು ನಮಗೆಲ್ಲರಿಗೂ ಕರುಣಿಸಲಿ. ಆಮೀನ್.