ಮಾಕುಟ್ಟದ ಘಾಟಿಯಲ್ಲಿ ಒಂದು ಹಗಲು

ಬೆಟ್ಟದ ಪ್ರಯಾಣವೆಂದೊಡನೆ ಏರುವುದನ್ನೇ ನೆನೆಯುವುದು ನಮ್ಮ ಜನರ ರೂಢಿ. ಈ ಸಂಜೆ ನಾವು ನಿವೇದಿಸಹೊರಟಿರುವುದು ಇಳಿದ ಕಥೆ. ಕೊಡಗಿನ ವಿರಾಜಪೇಟೆಯಿಂದ ಪಶ್ಚಿಮಕ್ಕೆ ಹೊರಟ ರಸ್ತೆಯು ಪೆರುಂಬಾಡಿಯನ್ನು ದಾಟಿದ ಮೇಲೆ ಘಾಟಿಯನ್ನು ಇಳಿಯತೊಡಗಿ, ಮಾಕುಟ್ಟದ ಬಳಿ ಕೇರಳದ ಗಡಿಯನ್ನು ಮುಟ್ಟುತ್ತದೆ. ನಡುವಣ ಹತ್ತು ಹನ್ನೆರಡು ಮೈಲಿಗಳನ್ನು ಬಸ್ಸಿನಲ್ಲಿ ನಿದ್ರಿಸುತ್ತ ಕಳೆಯುವವರೇ ಹೆಚ್ಚು. ನಾವು ಮೂವರು ಅಧ್ಯಾಪಕರು, ಆ ಸೀಮೆಯವನೇ ಆದ ಒಬ್ಬ ವಿದ್ಯಾರ್ಥಿ, ಹೀಗೆ ನಾಲ್ವರು, ಮಳೆಗಾಲ ಕಳೆದ ಕಾರ್ತಿಕದ ಒಂದು ಬೆಳಗ್ಗೆ ಅದನ್ನು ಕಾಲ್ನಡಿಗೆಯಿಂದಲೇ ನೋಡಬೇಕೆಂದು ಹೊರಟೆವು. ವಿದ್ಯಾರ್ಥಿಯ ತಾಯಿ ಕಟ್ಟಿಕೊಟ್ಟಿದ್ದ ಅಕ್ಕಿರೊಟ್ಟಿಯೂ ಎಳ್ಳಿನ ಚಟ್ನಿಯೂ ನಮ್ಮ ಚೀಲದಲ್ಲಿದ್ದುವು. ಜಿಗಣೆಗಳಿಗಾಗಿ ಉಪ್ಪಿನ ಗಂಟೂ ಒಂದಿತ್ತು.

ಘಾಟಿಯ ತಲೆಯಲ್ಲಿ ನಿಂತರೆ ಒಂದು ವಿಶೇಷವನ್ನು ಗಮನಿಸಬಹುದು. ಹಿಂದೆ ಬಿಟ್ಟ ವಿರಾಜಪೇಟೆಯ ಕಡೆಯ ನೀರು ಕಾವೇರಿಯನ್ನು ಸೇರಿ, ಮೈಸೂರು ಸೀಮೆಯನ್ನೂ ತಮಿಳುನಾಡನ್ನೂ ಹಾದು ಬಂಗಾಳ ಕೊಲ್ಲಿಗೆ ಹೋಗುತ್ತದೆ. ಮುಂದಿನ ಇಳಿಜಾರಿನ ನೀರಾದರೋ ಬಾರಪೊಳೆಯನ್ನು ಸೇರಿ, ವಳಪಟ್ಟಣದ ಹೊಳೆಯಾಗಿ, ಕಣ್ಣೂರಿನ ಸಮೀಪದಲ್ಲಿಯೇ ಅರಬ್ಬೀ ಸಮುದ್ರಕ್ಕೆ ಬೀಳುತ್ತದೆ. ಒಂದಕ್ಕೆ ಐನೂರು ಮೈಲಿಗೆ ಸಮೀಪದ ಯಾತ್ರೆ. ಇನ್ನೊಂದಕ್ಕೆ ಅದರ ಒಂದು ಸಣ್ಣ ಪಾಲು ಮಾತ್ರ. ಅಷ್ಟು ಎತ್ತರವನ್ನು ಅಷ್ಟು ಅಲ್ಪ ದೂರದಲ್ಲಿ ಇಳಿಯಬೇಕಾದ ನೀರು ಎಷ್ಟು ಅವಸರದ್ದಾಗಿರಬೇಕೆಂಬುದನ್ನು ಶ್ರೋತೃಗಳೇ ಊಹಿಸಬಹುದು. ನಮ್ಮ ದಿನದ ಕಥೆಯೆಲ್ಲವೂ ಈ ಅವಸರಕ್ಕೆ ಸೇರಿದುದೇ ಆಯಿತು.

ಈ ಘಾಟಿಗಳಿಗೆ ಚರಿತ್ರೆಯೂ ಉಂಟು. ಮಲೆಯಾಳದ ಕರಾವಳಿಯಿಂದ ಕೊಡಗಿಗೆ ಬರುವ ಬಾಗಿಲುಗಳು ಇವೇ. ಟಿಪ್ಪು ಸುಲ್ತಾನನ ಮೇಲೆ ಯುದ್ಧಕ್ಕೆ ಹೊರಟ ಮುಂಬಯಿ ಸೈನ್ಯವು ಜನರಲ್ ಅಬರ್‌ಕ್ರೋಂಬಿಯ ನಾಯಕತ್ವದಲ್ಲಿ ಕರಾವಳಿಯಿಂದ ಕೊಡಗನ್ನು ಏರಿ ಬಂದಿತು. ದೊಡ್ಡವೀರರಾಜೇಂದ್ರನು ಅವನನ್ನು ಎದುರುಗೊಂಡುದರ ನೆನಪಿಗಾಗಿ 1792ರಲ್ಲಿ ಕಟ್ಟಿಸಿದುದೇ ವಿರಾಜಪೇಟೆ. ಸ್ನೇಹಕ್ಕೆ ತೆರೆದ ಬಾಗಿಲೇ ಮುಂದೆ ಬೇರೆ ಕೆಲಸಕ್ಕೂ ಬಂದಿತು. 1834ರ ಏಪ್ರಿಲಿನಲ್ಲಿ ಕಣ್ಣೂರಿನಿಂದ ಹೊರಟ ಕರ್ನಲ್ ಫೌಲಿಸನ ದಂಡು ನೆರೆಯ ಹೆಗ್ಗಳದ ಘಾಟಿಯನ್ನು ಕಾದಾಡಿಕೊಂಡೇ ಏರಿತು. ಆ ತಿಂಗಳಲ್ಲಿಯೇ ಚಿಕ್ಕವೀರರಾಜೇಂದ್ರನ ಆಳ್ವಿಕೆ ಮುಗಿಯಿತು. ಫಿರಂಗಿಗಳನ್ನು ಇಂತಹ ಇಳುಕಲಿನಲ್ಲಿ ಎಳೆದವರ ಹೆಸರನ್ನು ಮಾತ್ರ ಯಾರೂ ಬರೆದಿಟ್ಟಿಲ್ಲ.

ಕೆಳಗಿಳಿದಂತೆಲ್ಲ ಕಾಡು ಮುಚ್ಚಿಕೊಂಡಿತು. ಇದು ಎಲೆಯುದುರದ ನಿತ್ಯಹಸುರಿನ ಕಾಡು. ಧೂಪ, ನಾಗಸಂಪಿಗೆ, ಬಲಗಿ ಮೊದಲಾದ ಮರಗಳು ಬಾಣದಂತೆ ನೆಟ್ಟಗೆ ಹೋಗಿ ಮೇಲೆಲ್ಲೋ ತಲೆಗೂಡಿಸಿವೆ. ಕೆಳಗೆ ಬೆತ್ತ, ವಾಟೆ, ಕಾಡೇಲಕ್ಕಿ. ಬ್ರಹ್ಮಗಿರಿಯ ಈ ಕಾಡುಗಳು 1974ರಿಂದ ವನ್ಯಧಾಮವೆನಿಸಿವೆ. ಪಶ್ಚಿಮ ಘಟ್ಟಗಳನ್ನು ಬಿಟ್ಟರೆ ಲೋಕದಲ್ಲೆಲ್ಲಿಯೂ ಇಲ್ಲದ ಸಿಂಗಳೀಕಕ್ಕೆ ಇವೂ ಒಂದು ನೆಲೆ. ನಮಗೆ ಸಿಂಗಳೀಕದ ದರ್ಶನವಾಗಲಿಲ್ಲ. ಮಂಗಟ್ಟೆ ಹಕ್ಕಿಯ ರೆಕ್ಕೆಯ ಸದ್ದು ಮಾತ್ರ ಎರಡು ಸಲ ತಲೆಯ ಮೇಲೆ ಹಾದುಹೋಯಿತು.

ಇನ್ನು ನಮ್ಮ ಅವಿವೇಕವನ್ನು ಹೇಳಬೇಕು. ರಸ್ತೆಯು ಹಾವಿನಂತೆ ಸುತ್ತಿ ಬರುವ ಒಂದೆಡೆ, ಒಂದು ತಿರುವಿನಿಂದ ಕೆಳಗಿನ ತಿರುವಿಗೆ ಒಂದು ಸೀಳುದಾರಿ ಕಂಡಿತು. ವಿದ್ಯಾರ್ಥಿಯು, “ಬೇಡಿ ಸಾರ್, ಆನೆ ಓಡಾಡುವ ಜಾಗ” ಎಂದನು. ನಕಾಶೆಯನ್ನು ಓದಬಲ್ಲೆವೆಂಬ ಹೆಮ್ಮೆ ನಮ್ಮದು. ಕೆಳಗೆ ನೀರಿನ ಸದ್ದು ಕೇಳುತ್ತಿತ್ತು. ಸದ್ದನ್ನು ಹಿಡಿದು ನಡೆದರೆ ಹೊಳೆಯೂ ರಸ್ತೆಯೂ ಸಿಕ್ಕಬೇಕಷ್ಟೆ ಎಂದು ತರ್ಕ ಮಾಡಿದೆವು. ಕಾಲು ಗಂಟೆಯೊಳಗೆ ಆ ಸದ್ದು ನಾಲ್ಕು ಕಡೆಯಿಂದಲೂ ಬರತೊಡಗಿತು. ಸೂರ್ಯನು ಕಾಣಿಸನು, ವಾಟೆಯ ಹಿಂಡಿಲು ದಾರಿಬಿಡದು. ಜಾರುವ ಬಂಡೆಯ ಮೇಲೆ ನಮ್ಮ ಮಿತ್ರರೊಬ್ಬರ ಕಾಲು ಉಳುಕಿತು. ಅಷ್ಟರಲ್ಲಿ ಹಸಿಯ ಲದ್ದಿಯೊಂದು ಕಂಡಿತು, ಇನ್ನೂ ಹಬೆಯಾಡುತ್ತಿತ್ತು. ಆಗ ನಾವು ಒಬ್ಬರ ಮುಖವನ್ನೊಬ್ಬರು ನೋಡಿಕೊಂಡ ಬಗೆಯನ್ನು ರೇಡಿಯೋ ತೋರಿಸಲಾರದೆಂಬುದೇ ಸಮಾಧಾನ.

ವಿದ್ಯಾರ್ಥಿಯು ಕೈಗಳನ್ನು ಬಾಯಿಗೆ ಮುಚ್ಚಿ ಉದ್ದನೆಯ ಕೂಗೊಂದನ್ನು ಹಾಕಿದನು. ಮೂರನೆಯ ಕೂಗಿಗೆ, ನಾವು ಎಂದೂ ಎಣಿಸದ ದಿಕ್ಕಿನಿಂದ, ನಮ್ಮ ತಲೆಯ ಮೇಲಿನಿಂದ, ಉತ್ತರ ಬಂದಿತು. ರಸ್ತೆಯ ಚರಂಡಿ ಬಿಡಿಸುತ್ತಿದ್ದ ಕೂಲಿಗಾರರ ಪೈಕಿ ಒಬ್ಬ ಯರವ ಮುದುಕನು ಕತ್ತಿ ಹಿಡಿದು ಇಳಿದು ಬಂದನು. ಬೈಯಲಿಲ್ಲ. “ನಿಲ್ಲಿ ಸ್ವಾಮಿ, ಆ ಹಿಂಡು ದಾಟಲಿ” ಎಂದು ಮುಕ್ಕಾಲು ಗಂಟೆ ನಮ್ಮನ್ನು ಮರದ ಬುಡದಲ್ಲಿ ಕೂರಿಸಿದನು. ಯಾವ ಹಿಂಡೂ ನಮಗೆ ಕಾಣಲಿಲ್ಲ. ಕೆಳಗೆ ವಾಟೆ ಮುರಿಯುವ ಸದ್ದು ಮಾತ್ರ ಕೇಳಿತು. ಬಳಿಕ ಮಿತ್ರರನ್ನು ಹೆಗಲುಗೊಟ್ಟು ರಸ್ತೆಗೆ ಏರಿಸಿದನು.

ಅಲ್ಲಿ ಅವನು ತೋರಿಸಿದುದೇ ಆ ದಿನದ ನಿಜವಾದ ಪಾಠ. ಈ ರಸ್ತೆಯು 2018ರ ಜೂನಿನ ಮಳೆಯಲ್ಲಿ ಅನೇಕ ಕಡೆ ಕುಸಿದು, ಸಂಚಾರವೇ ನಿಂತಿದ್ದುದನ್ನು ಶ್ರೋತೃಗಳು ಬಲ್ಲರು. ಘಾಟಿಯ ರಸ್ತೆಯೆಂದರೆ ಬೆಟ್ಟದ ಪಕ್ಕೆಯನ್ನು ಕಡಿದು ಮಾಡಿದ ಮೆಟ್ಟಿಲು. ಮೇಲಿನ ಮಣ್ಣಿಗೆ ಆಸರೆಯಾಗಿದ್ದ ಪಾದವನ್ನೇ ನಾವು ಕತ್ತರಿಸಿರುತ್ತೇವೆ. ಮಳೆಯ ನೀರು ಮಣ್ಣಿನಲ್ಲಿ ಇಂಗಿ, ಅಡಿಯ ಬಂಡೆಯ ಮೇಲೆ ನಿಂತು, ಮಣ್ಣಿನ ತೂಕವನ್ನು ಹೆಚ್ಚಿಸುತ್ತದೆ, ಹಿಡಿತವನ್ನು ಸಡಿಲಿಸುತ್ತದೆ. ಚರಂಡಿ ಮುಚ್ಚಿದರೆ ಇದು ಇಮ್ಮಡಿ. ಮುದುಕನು ಒಂದು ಮೋರಿಯ ಬಾಯಿಯಿಂದ ಎಲೆ, ಕೊಂಬೆ, ಯಾವನೋ ಪ್ರಯಾಣಿಕನು ಎಸೆದ ಪ್ಲಾಸ್ಟಿಕ್ ಚೀಲಗಳು, ಎಲ್ಲವನ್ನೂ ಎಳೆದು ಹಾಕಿ, “ಇದು ಕಟ್ಟಿಕೊಂಡರೆ ನೀರು ಗೋಡೆಯ ಬೆನ್ನಿಗೆ ಹೋಗುತ್ತದೆ ಸ್ವಾಮಿ, ಆಮೇಲೆ ಗೋಡೆ ನಿಲ್ಲುವುದಿಲ್ಲ” ಎಂದನು. ನಾವು ಅಷ್ಟು ಮಾತಿಗೆ ಇಷ್ಟುದ್ದದ ವ್ಯಾಖ್ಯಾನ ಮಾಡಬೇಕಾಯಿತು.

ಮಿತ್ರರ ಕಾಲಿನ ದೆಸೆಯಿಂದ ಉಳಿದ ದಾರಿ ನಿಧಾನವಾಯಿತು. ಮಾಕುಟ್ಟದ ತನಿಖಾ ಠಾಣೆಯನ್ನು ಸೇರುವಾಗ ಮಬ್ಬುಗತ್ತಲೆ. ಮೇಲಿನ ಚಳಿ ಎಲ್ಲಿಯೋ ಕಳೆದು, ಕರಾವಳಿಯ ಬೆವರು ಬಂದಿತ್ತು. ಚಹದಂಗಡಿಯಲ್ಲಿ ಮಾತು ಅರ್ಧ ಕನ್ನಡ, ಅರ್ಧ ಮಲೆಯಾಳ. ಮೇಲಕ್ಕೆ ಹೋಗುವ ಬಸ್ಸನ್ನು ಹತ್ತಿದೆವು. ಹಗಲೆಲ್ಲ ಇಳಿದುದನ್ನು ಅದು ಒಂದು ಗಂಟೆಗೆ ಸಮೀಪದಲ್ಲಿ ಏರಿತು. ಮುದುಕನಿಗೆ ಹಣ ಕೊಡಹೋದರೆ ಅವನು ತೆಗೆದುಕೊಂಡಿರಲಿಲ್ಲ. ಉಳಿದಿದ್ದ ಎರಡು ರೊಟ್ಟಿಗಳನ್ನು ಮಾತ್ರ ಎಲೆಯಲ್ಲಿ ಸುತ್ತಿಕೊಂಡಿದ್ದನು. ಅವನು ಬಿಡಿಸಿದ ಮೋರಿಯು ದೀಪದ ಬೆಳಕಿಗೆ ಒಂದು ಕ್ಷಣ ಕಂಡಿತು. ಅದರ ಬಾಯಿಂದ ನೀರು ಸಣ್ಣಗೆ ಹರಿಯುತ್ತಲೇ ಇತ್ತು.